ವಾಲ್ವ್ ಎಲ್ಲಿದೆ, ಗೊತ್ತೇ?

ರಾಜಾಜಿನಗರದ ಚಳಿಗೆ ಪೈಪಿನ ನೀರು ಹೆಪ್ಪುಗಟ್ಟುವುದಿಲ್ಲ. ಬೆಂಗಳೂರಿನ ದಾಖಲೆ ಚಳಿಯೆಂದರೆ 1884ರ ಜನವರಿಯ 7.8 ಡಿಗ್ರಿ. ಆದರೆ ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿ ಸಂಸಾರ ಹೂಡಿದ್ದಾರೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಕರೆಂಟು ಹೋಗಿ ಮನೆಗಳು ತಣ್ಣಗಾದಾಗ ಅಸಂಖ್ಯ ಪೈಪುಗಳು ಒಡೆದವು. ನೀರು ಮಂಜುಗಡ್ಡೆಯಾದರೆ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಪೈಪು ಸೀಳುತ್ತದೆ. ಮನೆಯವರಿಗೆ ತಿಳಿಯುವುದು ಮಾತ್ರ ಮಂಜು ಕರಗಿದ ಮೇಲೆ!

ಅಲ್ಲಿರುವ ಮಗಳಿಗೆ ಹೇಳಿ: ಕಡು ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಟ್ಟಿರಲಿ, ಸಿಂಕಿನ ಕೆಳಗಿನ ಕಪಾಟು ತೆರೆದಿಡಲಿ. ನೀರು ಪೋಲು ಮಾಡಬಾರದೆಂದು ಕಲಿಸಿದವರು ನಾವೇ. ಆದರೆ ಇದು ಪೋಲಲ್ಲ. ಹೆಪ್ಪುಗಟ್ಟಿದರೆ ನಲ್ಲಿ ತೆರೆದಿಟ್ಟು, ಆ ತುದಿಯಿಂದ ಹೇರ್ ಡ್ರೈಯರ್‌ನಲ್ಲಿ ಮೆಲ್ಲಗೆ ಕಾಯಿಸಲಿ. ಬೆಂಕಿ ಹಿಡಿಯುವುದು ಬೇಡವೇ ಬೇಡ.

ಇಲ್ಲಿ ಪೈಪಿಗೆ ಶತ್ರು ಬಿಸಿಲು. ತಾರಸಿಯ ಪಿವಿಸಿ ಪೈಪು ವರ್ಷಗಟ್ಟಲೆ ಒಣಗಿ ಪೆಡಸಾಗಿ, ಒಂದು ದಿನ ಫಟ್ಟನೆ ಬಿರಿಯುತ್ತದೆ. ಎರಡೂ ಊರಿನಲ್ಲಿ ಮೊದಲ ಕೆಲಸ ಒಂದೇ, ಮುಖ್ಯ ವಾಲ್ವ್ ಮುಚ್ಚುವುದು. ಅದು ಎಲ್ಲಿದೆಯೆಂದು ಹೆಚ್ಚಾಗಿ ಯಜಮಾನರಿಗಷ್ಟೇ ಗೊತ್ತಿರುತ್ತದೆ. ಪೈಪು ಒಡೆಯುವುದೋ ಅವರು ಕೆಲಸಕ್ಕೆ ಹೋದ ಮೇಲೆ. ಇವತ್ತೇ ತಾರಸಿಗೆ ಹೋಗಿ ಒಮ್ಮೆ ತಿರುಗಿಸಿ ನೋಡಿ. ಬಿಗಿದುಕೊಂಡಿದ್ದರೆ ಪ್ಲಂಬರನ್ನು ಕರೆಸಿ.