ಮುಖ್ಯೋಪಾಧ್ಯಾಯರ ಮೇಜು

ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡಿಗರ ಶಾಲೆಯಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದಿನ ಕನ್ನಡಿಗರು ಅದೇ ದಿನ ಹೊರನಾಡಿನವರಾದರು. 2018ರ ಕಾಯ್ದೆ ತೆಲಂಗಾಣದ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ಮಾಡಿತು. ತಪ್ಪೇನಿಲ್ಲ. ಆದರೆ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಹುಡುಕುವವರು ಯಾರು?

ಮುಖ್ಯೋಪಾಧ್ಯಾಯರೇ.

ಯಾವುದೇ ಸಣ್ಣ ಪ್ರೌಢಶಾಲೆಯಲ್ಲಿ ಅವರ ಮೇಜು ನೋಡಬೇಕು: ಹಾಜರಿ ಪುಸ್ತಕ, ಬೀಗದ ಕೈಗಳ ಗೊಂಚಲು, ಮಾಹಿತಿ ತುಂಬಲು ತೆರೆದಿಟ್ಟ ಕಂಪ್ಯೂಟರ್, ಪಕ್ಕದಲ್ಲಿ ತಿದ್ದದೇ ಉಳಿದ ನೋಟ್‌ಬುಕ್ಕುಗಳ ರಾಶಿ. ಗಣಿತದ ಮೇಷ್ಟ್ರು ರಜೆ ಹಾಕಿದರೆ ತರಗತಿಗೂ ಅವರೇ ಓಡಬೇಕು. ನಾಯಕತ್ವದ ತರಬೇತಿ ಶಿಬಿರ ಆಮೇಲಿರಲಿ, ಮೊದಲು ಒಬ್ಬ ಗುಮಾಸ್ತರನ್ನು ಕೊಡಿ. ದಿನಕ್ಕೊಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ಸಹೋದ್ಯೋಗಿಯ ಪಾಠ ಕೇಳುವಷ್ಟು ಬಿಡುವಾದರೂ ಅವರಿಗೆ ಸಿಗಲಿ. ಹತ್ತನೇ ತರಗತಿಯ ಫಲಿತಾಂಶ ಬಂದಾಗ ಕಾರಣ ಕೇಳುವ ಆಡಳಿತ ಮಂಡಳಿ ಈ ಏರ್ಪಾಡನ್ನು ಜೂನ್‌ನಲ್ಲೇ ಮಾಡಬೇಕು.