ಬರೆದವರ ಹೆಸರಿಗೆ 21 ದಿನಗಳ ಗಡುವು

ಕೃತಕ ಬುದ್ಧಿಮತ್ತೆಯ ಕಂಪನಿಗಳು ಲೇಖಕರ ಬರಹಗಳನ್ನು ಬಳಸಿಕೊಂಡರೆ ರಾಯಧನ ಕೊಡಬೇಕೆಂದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಸೂಚಿಸಿತು. ಅಲ್ಲಿಂದ ಚರ್ಚೆಯೆಲ್ಲ ದುಡ್ಡಿನದೇ. ಯಾರಿಗೆ ಎಷ್ಟು, ವಸೂಲಿ ಮಾಡುವವರು ಯಾರು, ಹಂಚುವವರು ಯಾರು? ಕನ್ನಡದಲ್ಲಿ ಬರೆಯುವವರು ಅಂತರ್ಜಾಲದಲ್ಲಿ ದುಡ್ಡಿಗಿಂತ ಮೊದಲು ಹೆಸರನ್ನೇ ಕಳೆದುಕೊಳ್ಳುತ್ತಿದ್ದಾರೆ. ಅದನ್ನು ಕಾಯಬೇಕಾದ ಕಾನೂನು ಕದ್ದವರಿಗಿಂತ ಬರೆದವರ ಮೇಲೇ ಹೆಚ್ಚು ಭಾರ ಹೊರಿಸಿದೆ. ‘ಕೃಪೆ: ವಾಟ್ಸ್‌ಆ್ಯಪ್’ ಎಂಬ ಅಡಿಬರಹದೊಂದಿಗೆ ಓಡಾಡುವ ಲೇಖನದ ರಾಯಧನ ಯಾರ ಖಾತೆಗೆ ಹೋಗಬೇಕು?

‘ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಇದೆಯಲ್ಲ’ ಎನ್ನುವವರಿದ್ದಾರೆ. ಇದೆ. ಹಕ್ಕುಗಳನ್ನು ಪೂರ್ತಿ ಮಾರಿದ ಮೇಲೂ ‘ಇದು ನನ್ನ ಕೃತಿ’ ಎನ್ನುವ ಹಕ್ಕನ್ನು ಅದು ಲೇಖಕರಲ್ಲೇ ಉಳಿಸುತ್ತದೆ. ದೆಹಲಿಯ ವಿಜ್ಞಾನ ಭವನದ ತಮ್ಮ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತುಹಾಕಿದ್ದರ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ ಗೆದ್ದದ್ದು ಇದೇ ಸೆಕ್ಷನ್ ಹಿಡಿದು. ದಾವೆ 1992ರದು, ತೀರ್ಪು ಬಂದದ್ದು 2005ರಲ್ಲಿ. ಹದಿಮೂರು ವರ್ಷ!

ಈ ಹದಿಮೂರು ವರ್ಷದ ಪಕ್ಕದಲ್ಲಿ 21 ದಿನಗಳನ್ನು ಇಟ್ಟು ನೋಡಿ. ಬೇರೆಯವರು ಹಾಕಿದ ಬರಹಕ್ಕೆ ಜಾಗ ಕೊಟ್ಟ ಜಾಲತಾಣದಿಂದ ಕದ್ದ ಪ್ರತಿಯನ್ನು ತೆಗೆಸುವ ದಾರಿ 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಲ್ಲಿದೆ. ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ ಜಾಲತಾಣ ಆ ಪ್ರತಿಯನ್ನು ತಡೆಯುವ ಕ್ರಮ ಕೈಗೊಳ್ಳಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ನಿಯಮ ದೂರುದಾರರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತದೆ: ಬರಹ ಹಾಕಿದವನ ಮೇಲೆ ದಾವೆ ಹೂಡಿ, 21 ದಿನಗಳೊಳಗೆ ಕೋರ್ಟ್ ಆದೇಶ ತಂದು ಕೊಡುತ್ತೇನೆ ಎಂದು. ತರಲಾಗದಿದ್ದರೆ ತಡೆ ಮುಗಿಯಿತು. ಅದೇ ಜಾಗದಲ್ಲಿರುವ ಅದೇ ಕೃತಿಯ ಬಗ್ಗೆ ಅದೇ ವ್ಯಕ್ತಿ ಮತ್ತೆ ದೂರು ಕೊಟ್ಟರೆ ಜಾಲತಾಣ ಉತ್ತರಿಸಬೇಕಾಗಿಯೂ ಇಲ್ಲ. ಸಾಗರದಲ್ಲೋ ಸಿಂಧನೂರಿನಲ್ಲೋ ಕುಳಿತು ಬರೆಯುವ ಶಿಕ್ಷಕಿಯೊಬ್ಬರು ಒಂದು ಪ್ರಬಂಧಕ್ಕಾಗಿ ವಕೀಲರನ್ನು ಹಿಡಿದು, ಮುಖವೇ ಕಾಣದ ಖಾತೆದಾರನ ವಿರುದ್ಧ ಮೂರು ವಾರದಲ್ಲಿ ಆದೇಶ ತರಬೇಕು. ಲೇಖಕರು ತಮ್ಮ ಊರಿನ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು ಎಂಬ ಅನುಕೂಲ ಕಾಯ್ದೆಯಲ್ಲಿದೆ, ನಿಜ. ಊರು ಹತ್ತಿರವಾದ ಮಾತ್ರಕ್ಕೆ ಆದೇಶ ಹತ್ತಿರವಾಗುವುದಿಲ್ಲ.

ಅಮೆರಿಕದ 1998ರ ಕಾನೂನು ಈ ಭಾರವನ್ನು ತಿರುಗಿಸಿ ಇಟ್ಟಿದೆ. ಅಲ್ಲಿ ದೂರು ಬಂದರೆ ಬರಹ ಇಳಿಯುತ್ತದೆ. ಹಾಕಿದವನು ‘ಇದು ಕದ್ದದ್ದಲ್ಲ’ ಎಂದು ಲಿಖಿತವಾಗಿ ಪ್ರತಿವಾದಿಸಿದರೆ ಮಾತ್ರ ದೂರುದಾರರು ಕೋರ್ಟ್ ಮೆಟ್ಟಿಲು ಹತ್ತಬೇಕು. ಕದ್ದವನು ಸುಮ್ಮನಿದ್ದರೆ ಪ್ರಕರಣ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಕದ್ದವನು ಸುಮ್ಮನಿದ್ದರೂ ಬರೆದವರೇ ಓಡಾಡಬೇಕು. ಫೇಸ್‌ಬುಕ್, ಯೂಟ್ಯೂಬ್‌ನಂಥ ದೊಡ್ಡ ಕಂಪನಿಗಳು ಅಮೆರಿಕದ ಜಾಡಿನಲ್ಲಿ ತಮ್ಮದೇ ದೂರಿನ ಫಾರಂ ಇಟ್ಟಿರುವುದರಿಂದ ನಮ್ಮವರಿಗೆ ಒಂದಿಷ್ಟು ಪರಿಹಾರ ಸಿಗುತ್ತಿದೆ. ನಮ್ಮ ಬರಹಗಾರರ ಹೆಸರನ್ನು ಉಳಿಸಲು ಬೇರೆ ದೇಶದ ಕಾನೂನಿನ ನೆರಳು ಬೇಕೇ?

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. 75ನೇ ನಿಯಮದಡಿ ದೂರು ಕೊಡಬಲ್ಲವರು ಕೃತಿಸ್ವಾಮ್ಯದ ಒಡೆಯರು ಮಾತ್ರ. ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಲೇಖಕಿಗೆ 57ನೇ ಸೆಕ್ಷನ್‌ನಲ್ಲಿ ಹೆಸರಿನ ಹಕ್ಕುಂಟು, ಈ ದೂರು ಕೊಡುವ ಹಕ್ಕಿಲ್ಲ. ಅಲ್ಲದೆ ಈ ನಿಯಮಕ್ಕೆ ತಡೆಯುವುದಷ್ಟೇ ಗೊತ್ತು. ಬರಹ ಹತ್ತಾರು ಸಾವಿರ ಓದುಗರನ್ನು ತಲುಪುತ್ತಿದ್ದರೆ ಅದು ಅಳಿಸಿಹೋಗಲಿ ಎಂದು ಯಾವ ಲೇಖಕರೂ ಬಯಸುವುದಿಲ್ಲ. ಅವರು ಕೇಳುವುದು ಅದರ ಮೇಲೆ ತಮ್ಮ ಹೆಸರನ್ನು.

ಆ ಮುಚ್ಚಳಿಕೆ ಇರುವುದು ನಿಯಮದಲ್ಲಿ. ಅದನ್ನು ಕೈಬಿಡಲು ಸಂಸತ್ತಿಗೆ ಹೋಗಬೇಕಿಲ್ಲ, ಒಂದು ಅಧಿಸೂಚನೆ ಸಾಕು. 21 ದಿನಗಳ ಮಿತಿ ಮತ್ತು ‘ಒಡೆಯರು ಮಾತ್ರ’ ಎಂಬ ಷರತ್ತು ಕಾಯ್ದೆಯ 52ನೇ ಸೆಕ್ಷನ್‌ನಲ್ಲಿರುವುದರಿಂದ ಅವಕ್ಕೆ ತಿದ್ದುಪಡಿಯೇ ಬೇಕು. ಕೃತಿಸ್ವಾಮ್ಯದ ಹೊಣೆ ಹೊತ್ತಿರುವುದೂ ರಾಯಧನದ ಪ್ರಸ್ತಾವ ತಂದಿರುವುದೂ ಒಂದೇ ಇಲಾಖೆ. ಕಾಯ್ದೆಯನ್ನು ಹೇಗೂ ತೆರೆಯಲು ಹೊರಟಿರುವಾಗ ಈ ಎರಡೂ ತಿದ್ದುಪಡಿಗಳು ಅದೇ ಮಸೂದೆಯಲ್ಲಿ ಬರಲಿ.