ಕಪ್ಪು ಕೈ ಹೊಲಸು ಕೈ ಅಲ್ಲ

ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಮಳೆಯ ಮ್ಯಾಲೆ, ಗಿಡದ ಮ್ಯಾಲೆ ಬರೆದಾರ. ನಾನು ನನ್ನ ಕೈ ಮ್ಯಾಲೆ ಬರೆಯುತ್ತೇನೆ. ಅಂದರೆ ಕೈ ಬಗ್ಗೆ. ನಗಬ್ಯಾಡ್ರಿ.

ನಮ್ಮಪ್ಪ ಬಡಿಗತನ ಮಾಡತಾನ. ಮೊದಲ ಮುಂಗಾರಿ ಬಂತಂದ್ರ ಕೂರಿಗಿ, ಕುಂಟಿ, ನೊಗ ಮಾಡಿಸಾಕ ಮಂದಿ ನಮ್ಮ ಮನಿ ಮುಂದ ಸಾಲು ಹಚ್ಚತಿದ್ರಂತ. ಈಗ ಟ್ರ್ಯಾಕ್ಟರ್ ಬಂದಾವ, ಆ ಕೆಲಸ ಕಡಿಮಿ. ಬಾಗಲಾ, ಮಂಚ, ಕೊಡ್ಲಿ ಕಾವು, ಗುದ್ದಲಿ ಕಾವು ಇಷ್ಟ. ಕಾವಿಗೆ ಜಾಲಿ ಕಟಗಿನ ಬೇಕು, ಗಟ್ಟಿ ಇರತೈತಿ. ರವಿವಾರ ನಾನೂ ಅಪ್ಪಗ ಕೈ ಹಚ್ಚತೀನಿ. ಕಟಗಿ ಹಿಡಕೊಳ್ಳೂದು, ಚಕ್ಕಿ ಬಳಿಯೂದು, ಪಾಲಿಶ್ ಕಾಗದ ತಿಕ್ಕೂದು. ಹೋದ ತಿಂಗಳು ಹಸಿ ಜಾಲಿ ಕೆತ್ತುವಾಗ ನನ್ನ ಎರಡೂ ಅಂಗೈ, ಬಟ್ಟು ಕರ್ರಗ ಆದವು.

ಮರುದಿನ ಊಟದ ಸಾಲಿನಲ್ಲಿ ಒಬ್ಬರು, “ಏನ ಹೊಲಸ ಮುಟ್ಟಿ ಬಂದೀ? ಹೋಗು, ತೊಳಕೊಂಡ ಬಾ” ಅಂದರು. ತೊಳಕೊಂಡೇ ಬಂದಿದ್ದೆ. ಮೂರು ಸಲ. ಮಗ್ಗಲಾಗ ಕುಂತಾಕಿ ತಾಟು ಎತ್ತಿಕೊಂಡು ಸರಿದು ಕುಂತಳು. ಯಾರು ಅಂತ ಬರೆಯೂದಿಲ್ಲ, ಅವರೂ ಇದನ್ನ ಓದತಾರ.

ಸಂಜಿಮುಂದ ಮನಿಗೆ ಹೋಗಿ ಅರಬಿ ಒಗಿಯೂ ಪೌಡರ್ ಹಾಕಿ, ಇಟ್ಟಂಗಿ ಚೂರು ತಗೊಂಡು ತಿಕ್ಕಿದೆ. ತೊಗಲು ಕಿತ್ತು ರಕ್ತ ಬಂತು, ಕಪ್ಪು ಹೋಗಲಿಲ್ಲ. ಇನ್ನೂ ಕಪ್ಪಾದಂಗ ಕಾಣತಿತ್ತು. ಅಪ್ಪ ನೋಡಿದ. ಏನೂ ಅನ್ನಲಿಲ್ಲ, ನನ್ನ ಕೈ ಹಿಡಕೊಂಡು ಸುಮ್ಮನ ಕುಂತ. ನಮ್ಮಪ್ಪ ಮದುವಿಗೆ, ಸಾಲಿ ಸಭೆಗೆ ಬಂದಾಗ ಕೈಗೆ ಟವೆಲ್ ಸುತ್ತಿಕೊಂಡೇ ಕುಂದರತಾನ. ನಾನು ಅದು ರೂಢಿ ಅಂತ ತಿಳಕೊಂಡಿದ್ದೆ. ಅವತ್ತು ಗೊತ್ತಾತು ಯಾಕ ಅಂತ. ಅದಕ್ಕೇ ಇದನ್ನ ಬರೆಯಾಕ ಹತ್ತೀನಿ.

ಆ ಕಪ್ಪು ಯಾಕ ಬರತೈತಿ ಅಂತ ವಿಜ್ಞಾನದ ಗುರುಗಳನ್ನ ಕೇಳಿದೆ. ಜಾಲಿಯ ಕಟ್ಟಿಗೆಯಲ್ಲಿ, ತೊಗಟೆಯಲ್ಲಿ ಟ್ಯಾನಿನ್ ಎಂಬ ವಸ್ತು ಇರುತ್ತದೆ. ನಾವು ಒಗರು ಅಂತೀವಲ್ಲ, ಆ ರುಚಿ ಅದರದ್ದೇ. ಅದು ಕಬ್ಬಿಣಕ್ಕೆ ಕೂಡಿದರೆ ಕರ್ರಗ ಆಗತೈತಿ. ಬಾಚಿ, ಉಳಿ, ಗರಗಸ ಎಲ್ಲಾ ಕಬ್ಬಿಣನ. ಹಸಿ ಕಟಗಿ ರಸ, ಕೈ ಬೆವರು, ಕಬ್ಬಿಣ ಮೂರೂ ಕೂಡಿದವು ಅಂದ್ರ ಮುಗೀತು. ನೆಲ್ಲಿಕಾಯಿಯನ್ನು ಕಬ್ಬಿಣದ ಈಳಿಗಿಯಲ್ಲಿ ಹೆಚ್ಚಿದರೆ ಕಪ್ಪಾಗೂದೂ ಇದಕ್ಕ. ಯುರೋಪಿನಲ್ಲಿ ನೂರಾರು ವರ್ಷ ಬರೆಯಲು ಬಳಸಿದ ಕಪ್ಪು ಶಾಯಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದಿಂದಲೇ ಮಾಡುತ್ತಿದ್ದರಂತೆ. ಅಂದ ಮ್ಯಾಲೆ ನನ್ನ ಕೈಯಾಗ ಇದ್ದದ್ದು ಹೊಲಸಲ್ಲ, ಶಾಯಿ!

ಇನ್ನೊಂದು ಮಾತು. ಟ್ಯಾನಿನ್ ತೊಗಲನ್ನ ಬಿಗಿಯಾಗಿ ಹಿಡಕೋತೈತಿ. ನಮ್ಮ ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡತಾರ. ಆ ಚಪ್ಪಲಿಗೆ 2019ರಲ್ಲಿ ಜಿ.ಐ. ಗುರುತು ಸಿಕ್ಕಿತು. ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹೆಸರೂ ಐತಿ. ನಮ್ಮ ಅಂಗೈಯೂ ತೊಗಲೇ ಅಲ್ಲೇನು? ಮತ್ತ ಒಂದು ಸಲ ತೊಳದ್ರ ಹೆಂಗ ಹೋದೀತು?

ಸಬಕಾರ, ಸೋಡಾ ಪ್ರತ್ಯಾಮ್ಲಗಳು. ಅವುಗಳಿಂದ ಈ ಕಲೆ ಬಿಡುವುದಿಲ್ಲ, ಇನ್ನೂ ಗಾಢ ಆಗತೈತಿ. ಹುಣಸಿಹಣ್ಣು, ಲಿಂಬಿಹಣ್ಣು ಆಮ್ಲ. ಅವು ಕಬ್ಬಿಣವನ್ನು ಬಿಡಿಸತಾವ. ಅಪ್ಪಗ ಆಮ್ಲ ಅನ್ನೂ ಶಬ್ದ ಗೊತ್ತಿಲ್ಲ, ಆದರ ಅವತ್ತ ರಾತ್ರಿ ಅಡಗಿಮನಿಯಿಂದ ಹುಣಸಿಹಣ್ಣು ತಂದವನು ಅವನೇ. ನಾನು ಪುಸ್ತಕದಾಗ ಪಾಠ ಓದಿ ಪರೀಕ್ಷಾದಾಗ ಮಾರ್ಕ್ಸ್ ತಗೊಂಡಾಕಿ, ಇಟ್ಟಂಗಿ ಹಿಡದಿದ್ದೆ.

ಹುಣಸಿಹಣ್ಣನ್ನು ನೆನೆಸಿ, ಚಿಟಿಕಿ ಉಪ್ಪು ಹಾಕಿ, ಕೈಗೆ ಹಚ್ಚಿ ತುಸು ಹೊತ್ತು ಬಿಡಬೇಕು. ಆಮೇಲೆ ಮೆಲ್ಲಗೆ ತಿಕ್ಕಿ ನೀರಿನಿಂದ ತೊಳೆದು ಕೊಬ್ಬರಿ ಎಣ್ಣಿ ಹಚ್ಚಬೇಕು. ಅವತ್ತಿಂದವತ್ತ ಮಾಡಿದ್ರ ಚಲೋ. ಹಳೀ ಕಲೆ ಪೂರಾ ಹೋಗೂದಿಲ್ಲ, ತೊಗಲು ಸವೆದಂಗ ನಾಕ ದಿನಕ್ಕ ತಾನ ಹೋಗತೈತಿ. ಗಾಯದ ಮ್ಯಾಲೆ ಹಚ್ಚಬ್ಯಾಡ್ರಿ, ಉರಿ ತಡಕೊಳ್ಳಾಕ ಆಗೂದಿಲ್ಲ (ನಾನು ಹಚ್ಚಿ ನೋಡೀನಿ). ಲಿಂಬಿಹಣ್ಣು ಹಚ್ಚಿ ತೊಳಕೊಳ್ಳದ ಬಿಸಲಿಗೆ ಹೋದರ ತೊಗಲು ಸುಟ್ಟಂಗ ಆಗತೈತಿ. ವಾರ್ನಿಶ್ ಹತ್ತಿದ್ರ ಅದರ ಲೆಕ್ಕ ಬ್ಯಾರೆ. ಅದು ಒಣಗೂದರೊಳಗ ಸೇಂಗಾ ಎಣ್ಣಿ ಹಚ್ಚಿ ತಿಕ್ಕಿ, ಆಮೇಲೆ ಸಬಕಾರ. ಕೆಲವರು ತಿನ್ನರ್, ಪೆಟ್ರೋಲ್ ಹಾಕಿ ಕೈ ತೊಳೀತಾರ. ಕಲೆ ಹೋಗತೈತಿ ಖರೆ, ತೊಗಲು ಒಣಗಿ ಸೀಳತೈತಿ, ಒಲಿ ಮುಂದ ಹೋದ್ರ ಬೆಂಕಿ ಹತ್ತತೈತಿ. ದಯವಿಟ್ಟು ಯಾರೂ ಮಾಡಬ್ಯಾಡ್ರಿ.

ಆದರೆ ನನ್ನ ಅಭಿಪ್ರಾಯ ಏನಂದ್ರ, ಕಲೆ ಹೋಗದಿದ್ದರೂ ಅಂಜಬೇಕಾಗಿಲ್ಲ. ಅರಿಷಿಣ ಬೆಳೆಯೂ ಮನಿಯವರ ಕೈ ಹಳದಿ ಇರತಾವ, ಅದಕ್ಕ ಯಾರೂ ಏನೂ ಅನ್ನೂದಿಲ್ಲ. ಮದುವ್ಯಾಗ ಮೆಹಂದಿ ಹಚ್ಚಿದ ಕೈಯನ್ನ ಎಲ್ಲರಿಗೂ ತೋರಿಸಿಕೋತ ತಿರಗತೀವಿ. ನಮ್ಮ ಕ್ಲಾಸಿನ ಹುಡುಗ್ಯಾರೇ ಸಾಗವಾನಿ ಎಳಿ ಎಲಿ ತಿಕ್ಕಿ ಅಂಗೈ ಕೆಂಪ ಮಾಡಿಕೊಂಡು ಯಾರದು ಹೆಚ್ಚ ಕೆಂಪ ಅಂತ ನೋಡತೀವಿ. ಅದೂ ಗಿಡದ ಬಣ್ಣ, ಇದೂ ಗಿಡದ ಬಣ್ಣ. ಕಪ್ಪಿಗೆ ಅಷ್ಟ ಯಾಕ ಸಿಟ್ಟು?

ಕೈ ನೋಡೂದು ಬ್ಯಾಡ ಅಂತ ನಾನು ಹೇಳೂದಿಲ್ಲ. ನೋಡ್ರಿ. ಉಗುರು ಬೆಳೆದಾವೇನು, ಉಗುರಿನಾಗ ಮಣ್ಣ ಐತೇನು, ಸಬಕಾರ ಹಚ್ಚಿ ತೊಳಕೊಂಡಾರೇನು ಅಂತ ನೋಡ್ರಿ. ಬಣ್ಣ ಕಂಡ್ರ ಮೊದಲ, “ಏನ ಕೆಲಸ ಮಾಡಿದಿ?” ಅಂತ ಕೇಳ್ರಿ. ಬೈಯೂದು ಆಮೇಲೆ ಇದ್ದೇ ಐತಿ.

ನಂಬಿಕಿ ಇಲ್ಲದವರು ನಮ್ಮ ಕ್ಲಾಸಿನ ಕಿಡಕಿ ಹತ್ತಿರ ಬರ್ರಿ. ಹಾಲು ಹಾಕದ ಚಹಾದಾಗ ಎರಡು ತುಕ್ಕು ಹಿಡಿದ ಮೊಳಿ ಹಾಕಿ ಗ್ಲಾಸು ಇಟ್ಟೀನಿ. ಚಹಾದಾಗೂ ಟ್ಯಾನಿನ್ ಇರತೈತಿ. ನಾಳೆ ಮುಂಜಾನಿ ಅದು ಕರ್ರಗ ಆಗಿರತೈತಿ. ಪ್ರಾರ್ಥನೆ ಮುಗಿದ ಮ್ಯಾಲೆ ಎಲ್ಲರ ಮುಂದ ಲಿಂಬಿಹಣ್ಣು ಹಿಂಡತೀನಿ, ಕಪ್ಪು ಕಡಿಮಿ ಆಗೂದನ್ನ ನೀವ ನೋಡ್ರಿ. ಅಲ್ಲಿತನಕ ಗ್ಲಾಸು ಯಾರೂ ಮುಟ್ಟಬ್ಯಾಡ್ರಿ, ಕುಡಿಯಂತೂ ಕುಡಿಬ್ಯಾಡ್ರಿ.

– ಒಬ್ಬ ವಿದ್ಯಾರ್ಥಿನಿ, 7ನೆಯ ಇಯತ್ತೆ